ಹಳೆಯ ಗೆರೆ, ಹೊಸ ಮಾತ್ರೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಾಲೆಯ ಮುಂದಿನ ರಸ್ತೆಯಲ್ಲಿ, ತಂಡದವರೆಲ್ಲ ಗೆರೆಯಕ್ಕ ಎಂದೇ ಕರೆಯುವ ಹೆಂಗಸು ರಸ್ತೆಗೆ ಗೆರೆ ಹಾಕುವ ಬಣ್ಣದ ಯಂತ್ರ ತಳ್ಳುತ್ತಿದ್ದಾರೆ. ಕಣ್ಣು ಗೆರೆಯ ಅಳತೆಗೆ ಎದುರು ಎಳೆದುಕಟ್ಟಿದ ದಾರದ ಮೇಲೆ, ಕಿವಿ ಹಿಂದಿನ ವಾಹನಗಳ ಮೇಲೆ. ಆಗಾಗ ಕತ್ತು ಹೊರಳಿಸಿ ನೋಡಲೇಬೇಕು. ಬಾಯಿ ಮಾತ್ರ ತಂಡದವರನ್ನು ಗೋಳು ಹೊಯ್ದುಕೊಳ್ಳುತ್ತಲೇ ಇದೆ. ಹಿಂದೆ ಬಿಳಿ ಗೆರೆ ನೂಲು ಹಿಡಿದಂತೆ ಮೂಡುತ್ತದೆ.

ಹೋದ ವರ್ಷ ಈ ಯಂತ್ರ ಅವರ ಕೈತಪ್ಪುವುದರಲ್ಲಿತ್ತು.

ಗೆರೆಯಕ್ಕ ಖಿನ್ನತೆಗೆ ಬಹಳ ಕಾಲದಿಂದ ಮಾತ್ರೆ ತೆಗೆದುಕೊಳ್ಳುತ್ತಾರೆ. ಹಳೆಯ ಮಾತ್ರೆ ಮನಸ್ಸನ್ನೇನೋ ಹತೋಟಿಗೆ ತಂದಿತ್ತು, ಆದರೆ ಬೆಳಿಗ್ಗೆ ಏಳಲು ಬಿಡುತ್ತಿರಲಿಲ್ಲ. ನಸುಕಿನ ಕೆಲಸದವರಿಗೆ ಅದು ಆಗಿಬರುತ್ತದೆಯೇ? ವೈದ್ಯೆ ಬೇರೆ ಮಾತ್ರೆ ಬರೆದರು. ಹಳೆಯದನ್ನು ಒಮ್ಮೆಲೇ ಬಿಡಬೇಡಿ, ಸ್ವಲ್ಪ ಸ್ವಲ್ಪವೇ ಇಳಿಸೋಣ ಎಂದು ತಿಳಿಹೇಳಿದರು. ಗೆರೆಯಕ್ಕ ತಲೆಯಾಡಿಸಿದರು. ಮನೆಗೆ ಬಂದವರೇ ಹಳೆಯದನ್ನು ಕಸದ ಬುಟ್ಟಿಗೆ ಎಸೆದರು.

“ನಮ್ಮ ಕೆಲಸದಲ್ಲಿ ಹಳೇ ಗೆರೆ ಪೂರ್ತಿ ಕೆರೆದು ತೆಗೀದೆ ಹೊಸದು ಹಾಕೋ ಹಾಗಿಲ್ಲ. ಎರಡೂ ಕಂಡ್ರೆ ಗಾಡಿಯವರಿಗೆ ಗಲಿಬಿಲಿ. ಮಾತ್ರೆನೂ ಹಾಗೇ ಅಂದ್ಕೊಂಡೆ,” ಎಂದು ತಮ್ಮ ಬುದ್ಧಿವಂತಿಕೆಗೆ ತಾವೇ ನಗುತ್ತಾರೆ.

ಆಗ ನಗುವ ಸ್ಥಿತಿ ಇರಲಿಲ್ಲ. ಕೆಲವೇ ದಿನಗಳಲ್ಲಿ, ಕಣ್ಣು ಹೊರಳಿಸಿದರೆ ಸಾಕು, ತಲೆಯೊಳಗೆ ಕರೆಂಟು ಹೊಡೆದಂತಾಗುತ್ತಿತ್ತು. ಹೊಟ್ಟೆ ತೊಳಸುವುದು, ಬೆವರು, ಕಾರಣವಿಲ್ಲದ ಅಳು. ಒಂದು ದಿನ ಗೆರೆಯೂ ಸೊಟ್ಟಗಾಯಿತು. ಬಣ್ಣಕ್ಕೆ ಬೆರೆಸುವ ಥಿನ್ನರ್ ವಾಸನೆ ತಲೆಗೇರಿದೆ ಎಂದು ಮೇಸ್ತ್ರಿ ಮಾಸ್ಕ್ ಹಾಕಿಸಿದರು. ಹಳೆಯ ಕಾಯಿಲೆ ಮರುಕಳಿಸಿತೆಂದು ಗಂಡ ಕಂಗಾಲಾದರು. ಗೆರೆಯಕ್ಕನಿಗೂ ಹಾಗೇ ಅನ್ನಿಸಿತು. ಯಂತ್ರವನ್ನು ತಾವಾಗಿಯೇ ಒಪ್ಪಿಸಿ, ರಸ್ತೆಗೆ ಕೋನ್ ಇಡುವ ಕೆಲಸಕ್ಕೆ ನಿಂತರು.

“ಕೋನ್ ಇಡೋದು ಕೀಳು ಕೆಲಸ ಅಲ್ಲ. ಆದ್ರೆ ನನ್ನ ಮಿಷಿನ್ನು ಇನ್ನೊಬ್ರು ತಳ್ಳೋದು ನೋಡೋಕಾಗ್ತಿರಲಿಲ್ಲ.”

ಗಂಡನೇ ವೈದ್ಯೆಯ ಬಳಿಗೆ ಕರೆದೊಯ್ದರು. ಕರೆಂಟಿನ ಮಾತು ಕಿವಿಗೆ ಬಿದ್ದೊಡನೆ ವೈದ್ಯೆ ಹಳೆಯ ಮಾತ್ರೆಯ ಬಗ್ಗೆ ಕೇಳಿದರು. ಕಸದ ಬುಟ್ಟಿಯ ಕಥೆ ಹೊರಬಿತ್ತು. ಇದು ಕಾಯಿಲೆ ಮರಳಿದ್ದಲ್ಲ, ಹಳೆಯ ಮಾತ್ರೆ ಏಕಾಏಕಿ ನಿಂತದ್ದಕ್ಕೆ ದೇಹ ತೆಗೆದ ತಕರಾರು ಎಂದು ಬಿಡಿಸಿ ಹೇಳಿದರು. ಅದನ್ನೇ ಮತ್ತೆ ಶುರುಮಾಡಿಸಿ, ಈ ಸಲ ನಿಧಾನವಾಗಿ ಇಳಿಸಿದರು. ಕರೆಂಟು ಕಡಿಮೆಯಾಗುತ್ತ ಬಂದು ನಿಂತೇಹೋಯಿತು.

ಅಷ್ಟರಲ್ಲಿ ಮಾತ್ರೆಯ ವಿಷಯ ಎಲ್ಲರಿಗೂ ಗೊತ್ತಾಗಿತ್ತು. ಇಂಥವರ ಕೈಗೆ ಮತ್ತೆ ಯಂತ್ರ ಕೊಡುವುದೇ ಎಂದು ಗುತ್ತಿಗೆದಾರರು ರಾಗ ಎಳೆದರು. ಗೆರೆಯಕ್ಕ ಜಗಳಕ್ಕೆ ಹೋಗಲಿಲ್ಲ. ನಿಮ್ಮೆದುರೇ ಒಂದು ಗೆರೆ ಹಾಕುತ್ತೇನೆ, ನೋಡಿ ಹೇಳಿ ಎಂದರು. ಹಾಕಿದರು. ಮೇಸ್ತ್ರಿ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿ, ಯಂತ್ರ ಇವರದೇ ಎಂದುಬಿಟ್ಟರು. ಗುತ್ತಿಗೆದಾರರು ಮಾರನೆಯ ದಿನದ ಯಂತ್ರದ ಕೆಲಸ ಅವರಿಗೇ ಬರೆದರು.

ಈಗ ಬಿಸಿಲೇರಿದೆ. ಮಕ್ಕಳು ದಾಟುವ ಪಟ್ಟೆಗಳು ಒಣಗುತ್ತಿವೆ. ಮಾತ್ರೆಯ ಸುದ್ದಿ ನಮ್ಮ ಪತ್ರಿಕೆಯಲ್ಲಿ ಬರುವುದು ಬೇಡ ಎಂದು ಗಂಡ ಹೇಳಿ ಕಳಿಸಿದ್ದಾರೆ. ಅದನ್ನು ಬಿಟ್ಟೇ ಬರೆಯಬಹುದಲ್ಲ ಎಂದರೆ ಗೆರೆಯಕ್ಕ ಕೈಗವಸು ಕಳಚಿ ಗೆರೆಯತ್ತ ಕೈ ತೋರಿಸುತ್ತಾರೆ.

“ಬಿಡೋದು ಬೇಡ, ಬರೀರಿ. ಈ ಗೆರೆ ಹಾಕಿದ್ದು ನಾನು. ಮಾತ್ರೆ ತಗೊಂಡೇ ಹಾಕಿದ್ದು ಅಂತ ಬರೀರಿ.”