ಗರಗಸ ಸುಮ್ಮನಾದಾಗ

ಕಾಡಿನಲ್ಲಿ ಎಲ್ಲರೂ ಅವನನ್ನು ಮುಂದಾಳು ಎನ್ನುತ್ತಿದ್ದರು. ಪಟ್ಟಣದಿಂದ ಬಂದವರನ್ನು ಏಳೆಂಟು ಕುದುರೆಗಳ ಮೇಲೆ ಕೂರಿಸಿ, ತಾನು ಮುಂದಿನ ಕುದುರೆ ಹತ್ತಿ, ಕಾಡಿನ ದಾರಿಯಲ್ಲಿ ಎರಡು ಗಂಟೆ ಸುತ್ತಾಡಿಸಿ ಕರೆತರುವುದು ಅವನ ಕೆಲಸ. ಇಪ್ಪತ್ತು ವರ್ಷ ಅದನ್ನೇ ಮಾಡಿದ. ಮನೆಯಲ್ಲಿ ಮಾತ್ರ ಮುಂದಾಳು ಎಲ್ಲದರಲ್ಲೂ ಹಿಂದೆ. ಅಣ್ಣ ಎದುರಿಗೆ ನಿಂತರೆ ಸಾಕು, ಐವತ್ತರ ಆಸಾಮಿ ಪಾಠ ಒಪ್ಪಿಸಲು ಬಾರದ ಹುಡುಗನ ಹಾಗೆ ಕಾಲ್ಬೆರಳಲ್ಲಿ ನೆಲ ಕೆರೆಯುತ್ತಿದ್ದ. ಆ ಅಣ್ಣನಿಗೆ ಹೇಳಲೇಬೇಕಾದ ಒಂದೇ ಒಂದು ಮಾತನ್ನು ಎಂಟು ವರ್ಷ ಹೊಟ್ಟೆಯೊಳಗೇ ಇಟ್ಟುಕೊಂಡು ಓಡಾಡಿದ, ಪುಣ್ಯಾತ್ಮ.

ಅದು ಬರೀ ನೋಡುವ ಕಾಡಲ್ಲ, ದುಡಿಯುವ ಕಾಡು. ಸಾಲಾಗಿ ನೆಟ್ಟ ಮರಗಳು, ಕಾಂಡದ ಮೇಲೆ ಬಣ್ಣದ ಅಂಕಿಗಳು, ಬೆಳೆದದ್ದನ್ನು ಕಡಿದು ಆ ಜಾಗದಲ್ಲಿ ಮತ್ತೆ ಸಸಿ. ಈ ದಿನ ಯಾವ ಕಡೆ ಕಡಿತ ಎಂದು ಕಾಡಿನ ಗೇಟಿನ ಹಲಗೆಯ ಮೇಲೆ ಬೆಳಿಗ್ಗೆಯೇ ಸೀಮೆಸುಣ್ಣದಲ್ಲಿ ಬರೆದಿರುತ್ತಿದ್ದರು. ಅದನ್ನು ಓದಿಕೊಂಡು ಮುಂದಾಳು ಆ ಕಡೆಯ ಸವಾರಿದಾರಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದ. ಸವಾರಿಗೆ ಬಂದವರು ಅದೇನೋ ಅಲಂಕಾರ ಎಂದುಕೊಂಡು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಗರಗಸ ಕಿರುಚುತ್ತಿರುವಷ್ಟು ಹೊತ್ತು ಅಲ್ಲಿ ಭಯವಿಲ್ಲ. ಅದು ಸುಮ್ಮನಾದಾಗ ಭಯ. ಬುಡ ಇನ್ನೇನು ಕಡಿದು ಮುಗಿಯಿತು ಎನ್ನುವಾಗ ಮರ ಕಡಿಯುವವನು ಗರಗಸ ನಿಲ್ಲಿಸಿ, ಸೀಳಿನೊಳಗೆ ಬೆಣೆ ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಾನೆ. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು, ಅಷ್ಟೇ. ಆಮೇಲೆ ಮರ ಬೀಳುತ್ತದೆ.

ಅಣ್ಣ ಇದೇ ಕಾಡಿನಲ್ಲಿ ಮೂವತ್ತು ವರ್ಷ ಕುದುರೆ ಕಟ್ಟಿ ದಿಮ್ಮಿ ಎಳೆಸಿದವನು. ಗರಗಸದ ಸದ್ದು ಅವನ ಕಿವಿಯನ್ನು ಸ್ವಲ್ಪ ಸ್ವಲ್ಪವಾಗಿ ತಿಂದುಹಾಕಿತ್ತು. ಅದು ಗೊತ್ತಾದಾಗ ಅವನು ಮನೆಯವರಿಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ. ಮರಿಯಿಂದ ಸಾಕಿದ್ದ ಕಂದು ಬಣ್ಣದ ಹೆಣ್ಣು ಕುದುರೆಗೆ ಒಂದು ಪಾಠ ಕಲಿಸಿದ: ಗರಗಸ ಸುಮ್ಮನಾದ ಕೂಡಲೇ, ಎಲ್ಲಿದ್ದರೆ ಅಲ್ಲೇ ನಿಂತುಬಿಡಬೇಕು. ಅವಳು ನಿಂತರೆ ಅಣ್ಣನೂ ನಿಲ್ಲುತ್ತಿದ್ದ. “ನನ್ನ ಕಿವಿ ಎರಡೂ ಅವಳ ತಲೆ ಮೇಲಿವೆ” ಎಂದು ನಗುತ್ತಿದ್ದ. ಅವಳನ್ನು ಯಜಮಾನಿ ಎಂದೇ ಕರೆಯುತ್ತಿದ್ದ. ಅತ್ತಿಗೆ ಸುಮ್ಮನಿರುತ್ತಾಳೆಯೇ? “ಈ ಮನೆಗೆ ಯಜಮಾನಿ ನಾನೋ ಅವಳೋ, ಒಂದು ತೀರ್ಮಾನ ಮಾಡಿಬಿಡಿ” ಎಂದು ಕುದುರೆಯ ಬಕೆಟ್ಟಿಗೆ ನೀರು ತುಂಬುತ್ತಲೇ ರೇಗಿಸುತ್ತಿದ್ದಳು.

ದಿಮ್ಮಿ ಎಳೆಯಲು ಯಂತ್ರ ಬಂದ ವರ್ಷ ಅಣ್ಣನ ಕೆಲಸ ಹೋಯಿತು. ಅವನು ಯಜಮಾನಿಯ ಹಗ್ಗವನ್ನು ತಮ್ಮನ ಕೈಗಿಟ್ಟ.

“ಚೆನ್ನಾಗಿ ನೋಡ್ಕೋ. ಅವಳು ನಿಂತ್ರೆ ನೀನೂ ನಿಲ್ಲು. ಭಾನುವಾರ ಬೆಳಿಗ್ಗೆ ಮಾತ್ರ ಅವಳು ನನಗೆ ಬೇಕು.”

ಯಜಮಾನಿ ಸಾಲಿನ ಮುಂದಿನ ಕುದುರೆಯಾದಳು. ತೊಂದರೆ ಶುರುವಾದದ್ದು ಅಲ್ಲಿಂದಲೇ. ಎಲ್ಲೋ ಮೈಲಿಯಾಚೆ ಗರಗಸ ನಿಂತರೂ ಇಲ್ಲಿ ಇವಳು ಟಕ್ಕನೆ ನಿಲ್ಲುತ್ತಿದ್ದಳು. ಹಿಂದಿನ ಕುದುರೆ ಬಂದು ಇವಳ ಬಾಲಕ್ಕೆ ಮೂತಿ ತಾಗಿಸುವುದು, ಅದರ ಹಿಂದಿನದು ಕೆನೆಯುವುದು, ಹೆಂಗಸರು ಚೀರುವುದು. “ಏನ್ರೀ, ಗಾಡಿ ಕೆಟ್ಟು ನಿಂತಿತಾ?” ಎಂದು ಹಿಂದಿನಿಂದ ಯಾರೋ ಕೂಗಿದರೆ ಎಲ್ಲರೂ ಗೊಳ್ಳೆಂದು ನಗುತ್ತಿದ್ದರು. ಮುಂದಾಳುವಿಗೆ ಮುಖ ತೋರಿಸಲಾಗುತ್ತಿರಲಿಲ್ಲ. ಒಂದು ದಿನ ಒಬ್ಬ ಮೇಷ್ಟ್ರು ಜೀನಿನಿಂದ ಜಾರಿ ಮುಳ್ಳಿನ ಪೊದೆಯಲ್ಲಿ ಕುಳಿತರು. ಅವರು ಏಳುವ ಮೊದಲೇ ಅವನು ಮನಸ್ಸು ಗಟ್ಟಿ ಮಾಡಿದ.

ಗರಗಸ ರಿಪೇರಿ ಮಾಡುವ ಶೆಡ್ಡಿನ ಹಿಂದೆ, ದಿನಾ ಮಧ್ಯಾಹ್ನ, ನಾಲ್ಕು ತಿಂಗಳು ಅವಳನ್ನು ಓಡಾಡಿಸಿದ. ಒಳಗೆ ಗರಗಸ ಶುರು ಮಾಡಿ ನಿಲ್ಲಿಸುತ್ತಿದ್ದರು. ಅದು ಸುಮ್ಮನಾದ ಕೂಡಲೇ ಇವನು ಹಿಮ್ಮಡಿ ಒತ್ತುತ್ತಿದ್ದ. ಅವಳು ಒಂದು ಹೆಜ್ಜೆ ಇಟ್ಟರೆ ಒಂದು ತುಂಡು ಕ್ಯಾರೆಟ್. ಮೊದಮೊದಲು ಅವಳ ಮೈ ನಡುಗುತ್ತಿತ್ತು, ಕಿವಿ ಹಿಂದಕ್ಕೆ ಮಲಗುತ್ತಿತ್ತು, ಕುತ್ತಿಗೆ ತಿರುಗಿಸಿ ಇವನ ಮುಖ ನೋಡುತ್ತಿದ್ದಳು. ಕೊನೆಗೊಂದು ದಿನ ಗರಗಸ ನಿಂತಿತು, ಅವಳು ನಿಲ್ಲದೆ ನಡೆದುಬಿಟ್ಟಳು. ಮುಂದಾಳು ತನ್ನ ಬೆನ್ನು ತಾನೇ ತಟ್ಟಿಕೊಂಡ. ಅಣ್ಣ ಹತ್ತು ವರ್ಷ ರೂಢಿ ಮಾಡಿಸಿದ್ದನ್ನು ತಾನು ನಾಲ್ಕು ತಿಂಗಳಲ್ಲಿ ಬಿಡಿಸಿದೆ ಎಂದು ಒಳಗೊಳಗೇ ಬೀಗಿದ್ದೂ ನಿಜ. ಅಣ್ಣನಿಗೆ ಹೇಳಿದರಾಯಿತು, ಬೇಜಾರು ಮಾಡಿಕೊಳ್ಳುತ್ತಾನೆ, ಮುಂದಿನ ವಾರ ಹೇಳಿದರಾಯಿತು ಎಂದುಕೊಂಡ. ಭಾನುವಾರ ಕಾಡಿನಲ್ಲಿ ಕಡಿತ ಇರುತ್ತಿರಲಿಲ್ಲ. ಹಾಗಾಗಿ ಅಣ್ಣನಿಗೆ ತಾನಾಗಿ ತಿಳಿಯುವ ದಾರಿಯೂ ಇರಲಿಲ್ಲ. ಹೀಗೆಯೇ ಆರು ವರ್ಷ ಹೋಯಿತು.

ಒಂದು ಭಾನುವಾರ ಕಡಿತ ಇತ್ತು. ಗೇಟಿನ ಹಲಗೆಯ ಮೇಲೆ ಬರೆದೂ ಇತ್ತು. ಅಣ್ಣ ಗೇಟಿನ ಕಡೆ ಹೋಗಲಿಲ್ಲ. ತಾನು ದಿಮ್ಮಿ ಎಳೆಸುತ್ತಿದ್ದ ಹಳೆಯ ದಾರಿ ಹಿಡಿದ. ಅಲ್ಲಿ ಕೆಂಪು ಬಟ್ಟೆ ಕಟ್ಟುವವರು ಯಾರೂ ಇಲ್ಲ. ಅಷ್ಟು ಹೊತ್ತಿಗೆ ಅವನ ಕಿವಿ ಪೂರ್ತಿ ಹೋಗಿತ್ತು. ಆದರೂ ಯಜಮಾನಿ ಇದ್ದಾಳಲ್ಲ ಎಂಬ ಧೈರ್ಯ. ಗರಗಸ ನಿಂತಿತು. ಅವಳು ಕಲಿತ ಪಾಠದಂತೆ ನಡೆದಳು. ಮರ ಬಿತ್ತು. ಅದರ ಒಂದು ಕೊಂಬೆ ಅಣ್ಣನನ್ನು ಜೀನಿನಿಂದ ಕೆಡವಿ ಎಡಗಾಲಿನ ಮೇಲೆ ಕೂತಿತು. ಕಡಿಯುವವನು ಓಡಿ ಬರುವವರೆಗೂ ಯಜಮಾನಿ ಅವನ ಪಕ್ಕದಿಂದ ಕದಲಲಿಲ್ಲವಂತೆ.

ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಎಚ್ಚರವಾದಾಗ ಅಣ್ಣ ಕಾಲಿನ ಬಗ್ಗೆ ಮಾತೇ ಆಡಲಿಲ್ಲ.

“ಮರೆತುಬಿಟ್ಳು ಕಣೋ. ನಿಲ್ಲಬೇಕಾದಾಗ ನಿಲ್ಲಲಿಲ್ಲ, ಆಮೇಲೆ ನಿಂತು ಏನು ಬಂತು?”

ಮುಂದಾಳು ಅಣ್ಣನ ಹೊದಿಕೆಯ ಅಂಚು ಸರಿಮಾಡಿದ.

ಸಂಜೆ ಕುದುರೆಗಳು ಲಾಯಕ್ಕೆ ಮರಳುವಾಗ ಅಣ್ಣನ ಮನೆಯ ಮುಂದೆಯೇ ಹಾಯಬೇಕು. ಯಜಮಾನಿ ಅಲ್ಲಿ ತಾನಾಗಿ ನಿಂತು ಕಾಂಪೌಂಡ್ ಗೋಡೆಯ ಮೇಲೆ ಕತ್ತು ಚಾಚುತ್ತಿದ್ದಳು. ಒಳಗೆ ಕುಳಿತಿದ್ದ ಅಣ್ಣ ಊರುಗೋಲು ಹಿಡಿದು ಎದ್ದು ಬಂದು ಕಿಟಕಿ ಹಾಕುತ್ತಿದ್ದ. ದಿನಾ ಅವಳು ಕತ್ತು ಚಾಚುವುದು, ದಿನಾ ಇವನು ಕಿಟಕಿ ಹಾಕುವುದು. ಲಗಾಮು ಹಿಡಿದು ನಿಂತ ಮುಂದಾಳುವಿಗೆ ನಾಚಿಕೆಯಿಂದ ಸತ್ತುಹೋಗುವ ಹಾಗಾಗುತ್ತಿತ್ತು. ಹಾಗೆಂದು ಬಾಯಿ ಬಿಟ್ಟನೇ? ಇಲ್ಲ.

ಅಣ್ಣನ ಜೊತೆ ಮಾತಾಡಬೇಕೆಂದರೆ ಅಡುಗೆಮನೆಯ ಮೊಳೆಗೆ ತೂಗುಹಾಕಿದ ಸ್ಲೇಟಿನಲ್ಲಿ ಬರೆಯಬೇಕು. ‘ಹಾಲು ತನ್ನಿ’, ‘ಮಾತ್ರೆ ನುಂಗಿದ್ರಾ?’ ಎಂಬಂಥದ್ದೆಲ್ಲ ಅತ್ತಿಗೆ ಅದರಲ್ಲೇ ಬರೆಯುತ್ತಿದ್ದಳು. ತಪ್ಪು ಒಪ್ಪಿಕೊಳ್ಳುವವನು ತಲೆ ತಗ್ಗಿಸಿ ಗೊಣಗಿಬಿಡಬಹುದು. ಸೀಮೆಸುಣ್ಣ ಹಿಡಿದು ದುಂಡಗೆ ಬರೆದು ತೋರಿಸುವುದಕ್ಕೆ ಬೇರೆಯೇ ಎದೆ ಬೇಕು. ಒಮ್ಮೆ ಮುಂದಾಳು ಒಂದು ಉಪಾಯ ಮಾಡಿದ. ಬೆನ್ನು ಹಾಕಿ ಕೂತಿದ್ದ ಅಣ್ಣನ ಹಿಂದೆ ನಿಂತು, ಸಣ್ಣ ದನಿಯಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದ. ಮೈ ಹಗುರವಾಯಿತು. ತಿರುಗಿದರೆ ಬಾಗಿಲಲ್ಲಿ ಅತ್ತಿಗೆ.

“ನಿನ್ನ ಅಣ್ಣನಿಗೆ ಹೇಳಿದೆಯೋ, ಗೋಡೆಗೆ ಹೇಳಿದೆಯೋ?” ಎಂದಳು. “ಸ್ಲೇಟು ಅಲ್ಲೇ ಇದೆ.”

“ನೀವೇ ಹೇಳಿಬಿಡಿ ಅತ್ತಿಗೆ.”

“ನಾನು ಹೇಳಲ್ಲ. ಅವಳಿಗೆ ಪಾಠ ಕಲಿಸಿದ್ದು ನಾನಲ್ಲ.”

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ. ನಾಳೆ ಬರೆಯುತ್ತೇನೆ ಎಂದುಕೊಂಡ. ಆ ನಾಳೆ ಒಂದು ವರ್ಷ ಬರಲಿಲ್ಲ.

ಒಂದು ಬೆಳಿಗ್ಗೆ ಯಜಮಾನಿ ಲಾಯದಲ್ಲಿ ಏಳಲಿಲ್ಲ. ವಯಸ್ಸಾಗಿತ್ತು, ಹೊಟ್ಟೆ ಉಬ್ಬರಿಸಿತ್ತು. ಡಾಕ್ಟರು ಬರುವ ಮೊದಲೇ ಹೋಗಿಬಿಟ್ಟಳು. ಮುಂದಾಳು ಅವಳ ಕಣ್ಣು ಮುಚ್ಚಿಸಿ, ಕೈ ಕೂಡ ತೊಳೆಯದೆ ನೇರ ಅಣ್ಣನ ಅಡುಗೆಮನೆಗೆ ಬಂದು ಸ್ಲೇಟು ಇಳಿಸಿದ.

‘ಯಜಮಾನಿ ಹೋದಳು.’

ಅಣ್ಣ ಓದಿದ. ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದ.

“ಹೋಗ್ಲಿ ಬಿಡು. ಅವಳ ಪಾಲಿಗೆ ನಾನು ಯಾವತ್ತೋ ಹೋಗಿದ್ದೆ. ನನ್ನ ಮರೆತಿದ್ಳು.”

ಮುಂದಾಳು ಸ್ಲೇಟನ್ನು ತೋಳಿನಲ್ಲಿ ಒರೆಸಿ ಬರೆದ. ‘ಮರೆತಿರಲಿಲ್ಲ. ಗರಗಸ ನಿಂತರೂ ನಡೆಯೋದಕ್ಕೆ ನಾನೇ ಕಲಿಸಿದ್ದೆ. ನಿನಗೆ ಹೇಳಲಿಲ್ಲ.’

ಅಣ್ಣ ಒಂದು ಸಲ ಓದಿದ. ಕನ್ನಡಕ ಹಾಕಿಕೊಂಡು ಮತ್ತೊಂದು ಸಲ ಓದಿದ. ಊರುಗೋಲಿನಲ್ಲಿ ಹೊಡೆದಿದ್ದರೆ ಮುಂದಾಳುವಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅಣ್ಣ ಹೊಡೆಯಲಿಲ್ಲ. ತಾನೇ ದಿನಾ ಮುಚ್ಚುತ್ತಿದ್ದ ಆ ಕಿಟಕಿಯ ಕಡೆ ನೋಡಿದ.

“ಎರಡು ವರ್ಷ ದಿನಾ ಬಂದು ನಿಲ್ತಿದ್ಳು ಕಣೋ” ಎಂದ. “ದಿನಾ ಅವಳ ಮುಖದ ಮೇಲೇ ಕಿಟಕಿ ಹಾಕಿದೀನಿ. ನೀನೇನೋ ಈಗ ನನಗೆ ಹೇಳಿ ಮುಗಿಸಿದೆ. ನಾನು ಯಾರಿಗೆ ಹೇಳ್ಲಿ?”

ಸ್ಲೇಟಿನಲ್ಲಿ ಇನ್ನೂ ಜಾಗವಿತ್ತು. ಮುಂದಾಳು ಸೀಮೆಸುಣ್ಣ ಹಿಡಿದುಕೊಂಡೇ ಕುಳಿತ.