ಗೋದಲಿಯ ರೈಲು ಬಿದ್ದ ವರ್ಷ

ನಮ್ಮ ಮನೆಯ ಕ್ರಿಸ್‌ಮಸ್ ಗೋದಲಿಯಲ್ಲಿ ಬಾಲಯೇಸುವಿಗಿಂತ ಆಟದ ರೈಲಿಗೇ ಜಾಗ ಹೆಚ್ಚು ಎಂದು ಪಾದ್ರಿಗಳು ಒಂದು ವರ್ಷ ಮುಖದ ಮೇಲೆ ಹೇಳಿದ್ದರು. ಹೇಳಿದವರೇ ಕುರ್ಚಿ ಎಳೆದುಕೊಂಡು ಕೂತು, ರೈಲು ಸುತ್ತುವುದನ್ನು ನೋಡುತ್ತ ಕರ್ಜಿಕಾಯಿ ತಿಂದು ಹೋದರು. ಅವರನ್ನು ಏನೂ ಅನ್ನುವಂತಿಲ್ಲ. ಆ ರೈಲು ನೋಡಲು ಯಾರು ಬಂದರೂ ಬೇಗ ಏಳುತ್ತಿರಲಿಲ್ಲ.

ಅದನ್ನು ಮಾಡುತ್ತಿದ್ದವರು ನಮ್ಮ ಯಜಮಾನರು. ಅವರು ಹೊಸಪೇಟೆಯ ಹೊರಗಿನ ಒಂದು ಅದಿರು ಯಾರ್ಡಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ಒಂದು ಹಳಿ ಎರಡಾಗಿ ಒಡೆಯುವ ಕಡೆಗೆ ಪಾಯಿಂಟು ಅನ್ನುತ್ತಾರೆ. ಅಲ್ಲಿ ನಿಂತು, ಲಿವರ್ ಎಳೆದು, ಗಾಡಿಯನ್ನು ಈ ಕಡೆಗೋ ಆ ಕಡೆಗೋ ತಿರುಗಿಸುವುದು ಅವರ ಕೆಲಸ. ಸಂಡೂರಿನ ಗುಡ್ಡದ ಅದಿರು ಹಗಲು ರಾತ್ರಿ ಹೊರಗೆ ಹೋಗುತ್ತಿದ್ದ ಕಾಲ ಅದು. ಕಾಲುವೆ ಕೆಳಗಿನವರು ಕಬ್ಬು, ಬಾಳೆ ಬೆಳೆದು ಮಾಳಿಗೆ ಕಟ್ಟಿಸುತ್ತಿದ್ದರು. ನಮ್ಮಂಥವರಿಗೆ ರೈಲ್ವೆ ಕ್ವಾರ್ಟರ್ಸಿನ ಎರಡು ಕೋಣೆಯೇ ಮಾಳಿಗೆ.

ಡಿಸೆಂಬರ್ ಬಂದರೆ ನಮ್ಮವರು ಒಳಗಿನ ಎರಡು ಬಾಗಿಲು ಬಿಚ್ಚಿ, ಟ್ರಂಕುಗಳ ಮೇಲೆ ಅಡ್ಡ ಮಲಗಿಸುತ್ತಿದ್ದರು. ಮರದ ಪೆಟ್ಟಿಗೆಗೆ ಬಿಗಿಯುವ ತಗಡಿನ ಪಟ್ಟಿಯೇ ಹಳಿ. ಎಣ್ಣೆ ಡಬ್ಬಿ ಕತ್ತರಿಸಿ ಗಾಡಿಗಳು. ಎಂಜಿನ್ನಿನ ಹೊಟ್ಟೆಯಲ್ಲಿ ಕೆಟ್ಟ ಟೈಂಪೀಸಿನ ಸ್ಪ್ರಿಂಗು, ಕೀಲಿ ಕೊಟ್ಟರೆ ಓಡುತ್ತಿತ್ತು. ಪ್ರತಿ ವರ್ಷ ಒಂದೊಂದು ಜಾಗ. ಒಂದು ವರ್ಷ ಹಂಪಿಯ ಗುಡ್ಡ ಮಾಡಿದರು. ಹೊಳೆ ದಂಡೆಯ ಗುಂಡುಕಲ್ಲು ತಂದು ಒಂದರ ಮೇಲೊಂದು ಏರಿಸಿದರೆ ಆಯಿತು, ಅದು ಸುಲಭ. ಇನ್ನೊಂದು ವರ್ಷ ಪೊರಕೆ ಕಡ್ಡಿಯಲ್ಲಿ ಕಂಪ್ಲಿಯ ಸೇತುವೆ. ಮತ್ತೊಂದು ವರ್ಷ ಕಾಲುವೆ ಮಾಡುತ್ತೇನೆಂದು ನಿಜವಾದ ನೀರು ಬಿಟ್ಟರು. ಹಲಗೆ ಉಬ್ಬಿ, ಬೇಸಿಗೆ ಬರುವ ತನಕ ಅಡುಗೆಮನೆ ಬಾಗಿಲು ಹಾಕಲು ಬರಲಿಲ್ಲ.

ನಮ್ಮ ಲೈನಿನ, ಅಂದರೆ ಕ್ವಾರ್ಟರ್ಸ್ ಸಾಲಿನ, ಮನೆಗಳೆಲ್ಲ ಇದಕ್ಕೆ ಏನಾದರೂ ಕೊಡುತ್ತಿದ್ದವು. ಡ್ರೈವರ್ ಮನೆಯ ಕನ್ನಡಿ ಡ್ಯಾಮಿನ ನೀರಾಗುತ್ತಿತ್ತು. ಪಕ್ಕದ ಮನೆ ಶಂಟಿಂಗ್ ಜಮಾದಾರರದು. ಅವರ ಹೆಂಡತಿ ಬುಟ್ಟಿಯಲ್ಲಿ ರಾಗಿ ಚೆಲ್ಲಿ, ಹಬ್ಬದ ಹೊತ್ತಿಗೆ ಬೆರಳುದ್ದ ಹಸಿರು ಎಬ್ಬಿಸಿ ತಂದುಕೊಡುತ್ತಿದ್ದಳು. ಅದು ಗೋದಲಿಯ ಗದ್ದೆ. ಅವರ ದೇವರು ಬೇರೆ, ನಮ್ಮ ದೇವರು ಬೇರೆ. ದಸರೆಗೆ ನಮ್ಮ ಮನೆಗೆ ಬನ್ನಿ ಬರುತ್ತಿತ್ತು, ಕ್ರಿಸ್‌ಮಸ್ಸಿಗೆ ಅವರ ಮನೆಗೆ ಕೇಕು ಹೋಗುತ್ತಿತ್ತು.

ಯಾರ್ಡಿನಲ್ಲಿ ಗಾಡಿಗಳನ್ನು ಹಿಂದೆ ಮುಂದೆ ಸರಿಸುವಾಗ ಝಂಡಾ ತೋರಿಸುವುದು ಜಮಾದಾರರ ಕೆಲಸ. ನಮ್ಮವರು ಲಿವರ್ ಎಳೆದು ‘ಆಯ್ತು’ ಅನ್ನಬೇಕು, ಆಗ ಜಮಾದಾರರು ಹಸಿರು ಝಂಡಾ ಬೀಸಬೇಕು, ಆಮೇಲೆ ಎಂಜಿನ್ ಅಲುಗಬೇಕು. ಆಟದ ರೈಲಿಗೂ ಅದೇ ಕಟ್ಟಳೆ. ಕ್ರಿಸ್‌ಮಸ್ ದಿನ ಊಟ ಮುಗಿದ ಮೇಲೆ ಜಮಾದಾರರು ಬಂದು ಕರ್ಚೀಫಿನಷ್ಟು ಹಸಿರು ಬಟ್ಟೆ ಬೀಸುವ ತನಕ ಎಂಜಿನ್ ಯಾರೂ ಮುಟ್ಟುವಂತಿರಲಿಲ್ಲ. ಮಕ್ಕಳು ಅತ್ತರೂ ಅಷ್ಟೇ.

ಆ ವರ್ಷ ದೀಪಾವಳಿ ಕಳೆದ ಮೇಲೆ ಯಾರ್ಡಿನಲ್ಲಿ ಗಾಡಿ ಬಿತ್ತು. ಎಂಜಿನ್ ಹಿಂದಿನಿಂದ ನೂಕುತ್ತಿದ್ದ ಖಾಲಿ ವ್ಯಾಗನ್ನುಗಳು ಪಾಯಿಂಟಿನ ಮೇಲೆ ಹಳಿ ತಪ್ಪಿ, ಪಕ್ಕದ ಅದಿರಿನ ರಾಶಿಗೆ ಗುದ್ದಿ, ರಾಶಿ ಹಳಿ ಮೇಲೆ ಕುಸಿಯಿತು. ಒಬ್ಬ ಹಮಾಲಿಯ ಪಾದ ಜಜ್ಜಿತು. ಜೀವಕ್ಕೆ ಏನಾಗಲಿಲ್ಲ, ಆದರೆ ಆ ಕಾಲು ಮತ್ತೆ ಕೆಲಸಕ್ಕೆ ಬರಲಿಲ್ಲ. ‘ನಾನು ಪಾಯಿಂಟು ಹಾಕುವುದರೊಳಗೆ ಜಮಾದಾರ ಅವಸರಪಟ್ಟು ಝಂಡಾ ತೋರಿಸಿದ’ ಎಂದು ನಮ್ಮವರು ಹೇಳಿದರು. ‘ಲಿವರ್ ಪೂರಾ ಆ ಕಡೆ ಬಿದ್ದದ್ದು ನೋಡಿಯೇ ತೋರಿಸಿದೆ, ಪಾಯಿಂಟೇ ಸರಿ ಕೂತಿರಲಿಲ್ಲ’ ಎಂದು ಜಮಾದಾರರು. ಇಬ್ಬರನ್ನೂ ಸಸ್ಪೆಂಡ್ ಮಾಡಿದರು. ಹೊಸ ವರ್ಷ ಆದ ಮೇಲೆ ಎನ್‌ಕ್ವೈರಿ. ಇಬ್ಬರಲ್ಲಿ ಒಬ್ಬರ ಕೆಲಸ ಹೋಗುತ್ತದೆ, ಕೆಲಸದ ಜೊತೆ ಕ್ವಾರ್ಟರ್ಸೂ ಹೋಗುತ್ತದೆ ಎಂದು ಲೈನಿಗೆಲ್ಲ ಗೊತ್ತಿತ್ತು. ಅಂದಿನಿಂದ ಎರಡು ಮನೆಗೂ ಮಾತು ನಿಂತಿತು. ನನಗೆ ಎರಡು ಹೆಣ್ಣುಮಕ್ಕಳು, ಆಕೆಗೆ ಮೂರು ಗಂಡು. ಒಬ್ಬರ ತಟ್ಟೆ ಉಳಿಯಬೇಕಾದರೆ ಇನ್ನೊಬ್ಬರದು ಹೋಗಬೇಕು.

ಡಿಸೆಂಬರ್ ಬಂದಾಗ ನಮ್ಮವರು ಸುಮ್ಮನಿರಲಿಲ್ಲ. ಸ್ಕ್ರೂಡ್ರೈವರ್ ತಂದು ಬಾಗಿಲ ಮುಂದೆ ಕೂತರು.

“ಈ ವರ್ಷ ಬ್ಯಾಡ್ರಿ,” ಅಂದೆ.

“ಡ್ಯೂಟಿ ಇಲ್ಲ, ಏನಿಲ್ಲ. ಕೂತು ಏನ್ ಮಾಡ್ಲಿ?”

“ಹಂಗಾದ್ರ ಹಂಪಿ ಗುಡ್ಡ ಮಾಡ್ರಿ. ಕಲ್ಲು ಹಂಗ ಅದಾವ ಹಿತ್ತಲದಾಗ.”

“ಯಾರ್ಡ್ ಮಾಡ್ತೀನಿ. ನನ್ ಪಾಯಿಂಟ್ ಹೆಂಗ ಕುಂದ್ರತೈತಿ ಅಂತ ಮಂದಿ ನೋಡ್ಲಿ.”

ಯಾರ್ಡು ಎಂದರೆ ಯಾರ್ಡೇ. ತುಂಬುವ ಲೈನು, ಹೊರಗೆ ಹೋಗುವ ಲೈನು, ನಡುವೆ ಆ ಪಾಯಿಂಟು, ಪಕ್ಕಕ್ಕೆ ಲಿವರು. ಗಾಡಿಗೆ ತುಂಬಲು ಪ್ರತಿ ವರ್ಷದಂತೆ ನಾನೇ ಅದಿರಿನ ನುಚ್ಚನ್ನು ಜರಡಿ ಹಿಡಿದು ಡಬ್ಬಿ ತುಂಬಿಟ್ಟೆ. ದನದ ಕೊಟ್ಟಿಗೆಯನ್ನೂ ಬಾಲಯೇಸುವನ್ನೂ ಮೂಲೆಗೆ ಸರಿಸಿದರು. ಪಕ್ಕದ ಮನೆಯಿಂದ ರಾಗಿ ಹಸಿರು ಬರಲಿಲ್ಲ. ಗದ್ದೆಯ ಜಾಗ ಬೋಳಾಗಿಯೇ ಉಳಿಯಿತು.

ಕ್ರಿಸ್‌ಮಸ್ ದಿನ ಮಂದಿ ಎಂದಿಗಿಂತ ಹೆಚ್ಚು ಬಂದರು. ರೈಲು ನೋಡಲು ಬಂದವರೆಷ್ಟು, ಜಮಾದಾರ ಬರುತ್ತಾನೋ ಇಲ್ಲವೋ ನೋಡಲು ಬಂದವರೆಷ್ಟು, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಂಜಿನ್ ಫೈರ್‌ಮನ್ನನ ತಾಯಿ, ಹಲ್ಲಿಲ್ಲದ ಮುದುಕಿ, ಎಲ್ಲರಿಗಿಂತ ಮುಂದೆ ಸ್ಟೂಲಿನ ಮೇಲೆ ಕೂತಿದ್ದಳು.

“ಬಿಡಪಾ ಗಾಡಿ. ನಾ ಸಾಯೋದ್ರೊಳಗ ಬಿಡ್ತಿ ಏನು?” ಅಂದಳು.

“ಝಂಡಾ ಇಲ್ದ ಗಾಡಿ ಬಿಡಂಗಿಲ್ಲಬೇ,” ಅಂದರು ನಮ್ಮವರು, ತಲೆ ಎತ್ತದೆ.

ಅಷ್ಟರಲ್ಲಿ ಬಾಗಿಲ ಬೆಳಕಿಗೆ ನೆರಳು ಅಡ್ಡವಾಯಿತು. ಜಮಾದಾರರು ನಿಂತಿದ್ದರು. ಹಿಂದೆ ಅವರ ಹೆಂಡತಿ. ಬರದಿದ್ದರೆ ಹೆದರಿದ ಅನ್ನುತ್ತಾರೆಂದು ಬಂದದ್ದು, ಅದು ಮುಖದಲ್ಲೇ ಕಾಣುತ್ತಿತ್ತು.

“ಬರ್ರಿ, ಕುಂದ್ರಿ,” ಅಂದರು ನಮ್ಮವರು.

“ಕುಂದ್ರಾಕ ಬಂದಿಲ್ಲ.” ಬಗ್ಗಿ ಹಲಗೆ ನೋಡಿದರು. ನೋಡಿ ನೇರ ನಿಂತರು. “ನಮ್ ಯಾರ್ಡ್ ಅಲ್ಲೇನು ಇದು? ನಾಟಕ ಕಟ್ಟಿ ಮಂದಿ ಕರ್ದಿ ಅನ್ನು.”

“ನಾಟಕ ಏನಿಲ್ಲ. ನೀವು ಝಂಡಾ ತೋರ್ಸ್ರಿ, ನಾ ಪಾಯಿಂಟ್ ಹಾಕ್ತೀನಿ. ದಿನಾ ಮಾಡಿದ್ದ ಅಲ್ಲೇನು?”

ಮೊದಲ ಸಲ ನಮ್ಮವರು ಲಿವರ್ ಎಳೆದರು, ‘ಆಯ್ತು’ ಅಂದರು, ಜಮಾದಾರರು ಬಟ್ಟೆ ಬೀಸಿದರು, ಎಂಜಿನ್ ಖಾಲಿ ಗಾಡಿಗಳನ್ನು ನೂಕಿಕೊಂಡು ಪಾಯಿಂಟು ದಾಟಿತು. ಮಕ್ಕಳು ಚಪ್ಪಾಳೆ ಹೊಡೆದರು.

“ಈಗ ನಾ ಲಿವರ್ ಎಳಿಯೋದ್ರೊಳಗ ತೋರ್ಸ್ರಿ.”

ಜಮಾದಾರರ ಕಿವಿ ಕೆಂಪಾಯಿತು. ಆದರೂ ಬೀಸಿದರು. ಪಾಯಿಂಟು ಅರ್ಧಕ್ಕೆ ಇರುವಾಗ ಗಾಡಿ ಬಂದು ಬಿತ್ತು.

“ನೋಡಿದ್ರಲ್ಲ?” ಅಂದರು ನಮ್ಮವರು. ಯಾರನ್ನು ಕೇಳಿದರೋ, ಮಂದಿಯೆಲ್ಲ ಪಿಸುಗುಟ್ಟಿತು. ಜಮಾದಾರರ ಹೆಂಡತಿ ಗೋಡೆಗೆ ಬೆನ್ನು ಕೊಟ್ಟು ನೆಲಕ್ಕೆ ಕೂತಳು. ನನಗೆ ಒಳಗೆ ಒಂದು ನಿರಾಳ ಬಂತು. ಮುಗಿಯಿತು, ಇನ್ನು ಕೇಕು ಹಂಚೋಣ ಎಂದು ಎದ್ದೆ.

“ತಡೀರಿ,” ಅಂದರು ಜಮಾದಾರರು. “ಆವತ್ತು ಮೊದ್ಲು ತುಂಬಿದ್ ಗಾಡಿ ಹೊರಗ ಹೋತು. ಅದರ ಹಿಂದ ಖಾಲಿ ಒಳಗ ಬಂದ್ವು. ಅದನ್ನ ಮಾಡಪಾ. ಅರ್ಧ ಯಾಕ ಮಾಡ್ತಿ?”

ನಮ್ಮವರಿಗೆ ತಮ್ಮ ಮೇಲೆ ಅನುಮಾನವೇ ಇರಲಿಲ್ಲ. “ಅದಿರು ತಾ ಇಲ್ಲಿ,” ಎಂದು ನನ್ನ ಕಡೆ ಕೈ ಚಾಚಿದರು. ಡಬ್ಬಿ ತಂದುಕೊಟ್ಟವಳು ನಾನೇ.

ತುಂಬಿದ ಗಾಡಿಗಳು ಪಾಯಿಂಟಿನ ಮೇಲೆ ಹೋಗುವಾಗ ಕುಲುಕಿದವು, ಒಂದಿಷ್ಟು ನುಚ್ಚು ಉದುರಿತು. ಪ್ರತಿ ವರ್ಷವೂ ಉದುರುತ್ತಿತ್ತು, ಯಾರು ನೋಡುತ್ತಾರೆ? ನಮ್ಮವರು ಲಿವರ್ ತಿರುಗಿಸಿದರು. “ಆಯ್ತು.”

ಜಮಾದಾರರು ಬೀಸಲಿಲ್ಲ. “ಎಲ್ರೂ ನೋಡ್ರಿ. ಲಿವರ್ ಪೂರಾ ಬಿದ್ದೈತಿ ಏನು?”

“ಬಿದ್ದೈತಿ,” ಅಂದಳು ಮುದುಕಿ. ಬೇರೆಯವರೂ ಹೌದೆಂದರು. ನಮ್ಮವರೂ ತಲೆ ಆಡಿಸಿದರು. ಆಗ ಬೀಸಿದರು. ಎಂಜಿನ್ ನಿಧಾನಕ್ಕೆ ನೂಕಿತು. ಮುಂದಿನ ಗಾಡಿಯ ಒಂದು ಗಾಲಿ ಈ ಹಳಿಗೆ, ಇನ್ನೊಂದು ಆ ಹಳಿಗೆ ಹೋಯಿತು. ಅಡ್ಡ ತಿರುಗಿ, ಹಲಗೆ ಬಿಟ್ಟು, ನನ್ನ ಕಾಲ ಹತ್ತಿರ ಬಂದು ಬಿತ್ತು.

ನಮ್ಮವರು ಪಾಯಿಂಟಿಗೆ ಕಣ್ಣು ಹಚ್ಚಿ ನೋಡಿದರು. “ಸೂಜಿ ಕೊಡು,” ಅಂದರು. ಕೊಟ್ಟೆ. ಪಾಯಿಂಟಿನಲ್ಲಿ ಚೂಪು ಮೂತಿಯ ಹಳಿ ಪಕ್ಕದ ದೊಡ್ಡ ಹಳಿಗೆ ಅಂಟಿ ಕೂರಬೇಕು, ಸಂದು ಇರಬಾರದು. ಆ ಸಂದಿನಿಂದ ಅವರು ಸಾಸಿವೆಯಷ್ಟು ಅದಿರು ಮೀಟಿ ಅಂಗೈ ಮೇಲೆ ಹಾಕಿಕೊಂಡರು. ಲಿವರ್ ಪೂರಾ ಬಿದ್ದಿತ್ತು, ಹಳಿ ಮಾತ್ರ ಕೂತಿರಲಿಲ್ಲ. ಯಾರ್ಡಿನಲ್ಲೂ ಆವತ್ತು ಹೀಗೇ ಆಗಿರಬೇಕು, ರಾಶಿ ಕುಸಿದು ಎಲ್ಲ ಕಡೆ ಅದಿರೇ ಹರಡಿದ್ದರಿಂದ ಇದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

“ಅದನ್ನ ಗುಡ್ಸೋರು ಯಾರಪಾ ಅಲ್ಲಿ?” ಅಂದಳು ಮುದುಕಿ, ಏನೂ ಗೊತ್ತಿಲ್ಲದೆ.

ಆಕೆಯನ್ನು ಬಿಟ್ಟು ಕೋಣೆಯಲ್ಲಿದ್ದ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿತ್ತು. ಪಾಯಿಂಟು ಗುಡಿಸಿ ಎಣ್ಣೆ ಹಾಕುವುದು ಪಾಯಿಂಟ್ಸ್‌ಮನ್ ಕೆಲಸ.

ಜಮಾದಾರರು ದನಿ ಏರಿಸಲಿಲ್ಲ. “ತುಂಬಿದ್ದು ಹೋದ ಮ್ಯಾಲ ಗುಡ್ಸಿದ್ದಿ ಏನಪಾ?”

ನಮ್ಮವರು ಅಂಗೈ ನೋಡುತ್ತಲೇ ಇದ್ದರು. ನಾನು ನಡುವೆ ಹೋದೆ. “ಆಟದ ಸಾಮಾನಿಗೆ ಏನ್ ಕೇಳ್ತೀರಿ ಅಣ್ಣಾ. ಕೇಕ್ ತಗೋರಿ.” ತಟ್ಟೆ ಹಿಡಿದು ಎಲ್ಲರ ಮುಂದೂ ಹೋದೆ. ಕೈ ಹಾಕಿದ್ದು ಜಮಾದಾರರ ಹೆಂಡತಿ ಒಬ್ಬಳೇ. ಗೋಡೆಗೆ ಒರಗಿಕೊಂಡೇ, ಒಂದು ಚೂರೂ ಕೆಳಗೆ ಬೀಳದ ಹಾಗೆ, ನಿಧಾನವಾಗಿ ತಿಂದಳು.

ಮರುದಿನವೇ ಬಾಗಿಲು ಮತ್ತೆ ಚೌಕಟ್ಟಿಗೆ ಹೋದವು. ಬೇರೆ ವರ್ಷಗಳಲ್ಲಿ ರೈಲು ಹೊಸ ವರ್ಷದ ತನಕ ಇರುತ್ತಿತ್ತು. ಪಕ್ಕದ ಮನೆಯಲ್ಲಿ ಎಷ್ಟೋ ದಿನದ ಮೇಲೆ ರೇಡಿಯೋ ಹಚ್ಚಿದ್ದು ಕೇಳಿಸಿತು. ನಾನು ರೊಟ್ಟಿ ಬಡಿಯುತ್ತ ನಮ್ಮವರನ್ನು ಹಿಡಿದೆ.

“ಗುಡ್ಸಿದ್ರೋ ಇಲ್ಲೋ?”

“ಬೆಳಿಗ್ಗೆ ಗುಡ್ಸಿದ್ದೆ.”

“ಅಷ್ಟ ಹೇಳ್ರಿ.”

“ಅವರು ಕೇಳೋದು ಬೆಳಿಗ್ಗಿ ಮಾತಲ್ಲ. ಆವತ್ತು ಗಾಡಿ ಮ್ಯಾಲ ಗಾಡಿ ಬರಾಕತ್ತಿದ್ವು. ಒಂದ್ ಸಲ ಬಿಟ್ಟೆ.”

“ಬಿಟ್ಟೆ ಅನ್ನಬ್ಯಾಡ್ರಿ. ಗುಡ್ಸಿದ್ದೆ ಅನ್ರಿ. ನೋಡಿದೋರು ಯಾರು? ಅಷ್ಟು ಅದಿರು ಬಿದ್ದಿತ್ತು, ಯಾವ ಹರಳು ಯಾವಾಗ ಬಿತ್ತು ಅಂತ ದೇವರಿಗೂ ಗೊತ್ತಾಗಂಗಿಲ್ಲ.”

“ದೇವರ ಹೆಸರು ತರಬ್ಯಾಡ.”

“ಹಂಗಾದ್ರ ಮಕ್ಕಳ ಹೆಸರು ತರ್ತೀನಿ,” ಅಂದೆ. ಇಬ್ಬರು ಹುಡುಗಿಯರೂ ಅಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. ನಮ್ಮವರು ಅರ್ಧ ರೊಟ್ಟಿ ಬಿಟ್ಟು ಎದ್ದರು. ಎನ್‌ಕ್ವೈರಿಯ ತನಕ ದಿನವೂ ಇದೇ ಮಾತು. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಎನ್‌ಕ್ವೈರಿಯ ದಿನ ನಾನೂ ಹೋದೆ. ನಡುದಾರಿಯಲ್ಲಿ ಇವರ ಮನಸ್ಸು ಆ ಕಡೆ ವಾಲದಿರಲಿ ಎಂದು ಆಫೀಸಿನ ಮೆಟ್ಟಿಲ ತನಕ ಜೊತೆಗೇ ನಡೆದೆ. ವರಾಂಡದಲ್ಲಿ ಒಂದೇ ಬೆಂಚು. ಅದರ ಮೇಲೆ ಆಗಲೇ ಜಮಾದಾರರ ಹೆಂಡತಿ ಕೂತಿದ್ದಳು. ನಾನು ಇನ್ನೊಂದು ತುದಿಗೆ ಕೂತೆ. ಮೊದಲು ಒಳಗೆ ಹೋದವರು ಜಮಾದಾರರು. ಅವರು ಹೊರಗೆ ಬಂದು ನಮ್ಮಿಬ್ಬರ ಮುಖವನ್ನೂ ನೋಡದೆ ಬೀಡಿ ಹಚ್ಚಲು ಮರದ ಕಡೆ ಹೋದರು. ಆಮೇಲೆ ಒಳಗಿನಿಂದ ನಮ್ಮವರನ್ನು ಕರೆದರು.

“ನಿಮ್ಮೋರು ಏನ್ ಹೇಳಿದ್ರು ಅಕ್ಕಾ?” ಕೇಳಿಯೇ ಬಿಟ್ಟೆ.

“ಕಂಡಿದ್ದು ಹೇಳಿರ್ತಾರ. ಅದಿರಿಂದು, ಗುಡ್ಸೋದು, ಎಲ್ಲಾ.” ನನ್ನ ಕಡೆ ತಿರುಗಿ ಕೇಳಿದಳು. “ನಿಮ್ಮೋರು?”

“ಗುಡ್ಸಿದ್ದೆ ಅಂತಾರ.”

“ಹಂಗಂದ್ರ ನಮ್ಮೋರು ಸುಳ್ಳ ಹೇಳ್ಯಾರ ಅಂತ ಆಗ್ತೈತಿ. ನಮ್ ಮನಿ ಹೋಗ್ತೈತಿ ತಂಗಿ.”

“ಹೌದು,” ಅಂದೆ.

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ಕೂತಳು. ಒಳಗಿನ ಮಾತು ಕೇಳಿಸುತ್ತಿರಲಿಲ್ಲ, ಫ್ಯಾನಿನ ಸದ್ದು ಮಾತ್ರ. ಬಾಗಿಲು ತೆರೆದು ನಮ್ಮವರು ಹೊರಗೆ ಬಂದರು. ನಾನು ಎದ್ದು ನಿಂತೆ.

“ಏನಂದ್ರಿ?”

“ಗುಡ್ಸಿರ್ಲಿಲ್ಲ ಅಂದೆ.”

ನನ್ನ ಹಿಂದೆ ಆಕೆ ಉಸಿರು ಬಿಟ್ಟದ್ದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ. ಸ್ಟೇಷನ್ ರಸ್ತೆಯ ಕಬ್ಬಿನ ಗಾಡಿಗಳ ನಡುವೆ ನಡೆಯುತ್ತ ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಕೇಳಿಸಿಕೊಂಡರು. ಮನೆ ಹತ್ತಿರ ಬಂದಾಗ ಒಂದೇ ಮಾತು ಹೇಳಿದರು. “ನೋಡ್ರಿ ಅಂತ ಮಂದೀನ ಕರ್ದೋನು ನಾನು. ಅವರು ನೋಡಿದ್ರು. ಅಲ್ಲಿ ಹೋಗಿ ಇಲ್ಲ ಅಂತ ಹೆಂಗ ಅನ್ಲಿ?”

“ಕರೀಬಾರ್ದಿತ್ತು,” ಅಂದೆ.

ಆರ್ಡರ್ ಬಂತು. ಕೆಲಸದಿಂದ ತೆಗೆಯಲಿಲ್ಲ. ಪಾಯಿಂಟಿನಿಂದ ಇಳಿಸಿ, ಸಂಡೂರು ಕಡೆಯ ಲೈನಿನಲ್ಲಿ ಗ್ಯಾಂಗ್‌ಮನ್ ಮಾಡಿದರು. ಹಳಿಯ ಕೆಳಗೆ ಜಲ್ಲಿ ತುಂಬುವ ಕೆಲಸ. ಕ್ವಾರ್ಟರ್ಸ್ ಬಿಡಬೇಕಾಯಿತು. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಗೆ ಬಂದೆವು. ಜಮಾದಾರರು ಡ್ಯೂಟಿಗೆ ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಗಂಡನ ಜಾಗದಲ್ಲಿ ಅವರಿದ್ದು, ಅವರ ಜಾಗದಲ್ಲಿ ನನ್ನ ಗಂಡ ಇದ್ದಿದ್ದರೆ, ಅದಿರಿನ ಮಾತು ಮೊದಲು ಹೇಳಿರಿ ಎಂದು ನಾನೇ ಕಳಿಸುತ್ತಿದ್ದೆ.

ನಮ್ಮವರು ನಿಜ ಹೇಳಿದ್ದು ಸರಿ ಎಂದು ಈಗಿನವರು ದೊಡ್ಡದಾಗಿ ಹೇಳುತ್ತಾರೆ. ಹೇಳಲಿ. ಬಿಸಿಲಲ್ಲಿ ಜಲ್ಲಿ ಹೊತ್ತು ಬಂದವರ ಅಂಗೈಗೆ ಎಣ್ಣೆ ತಿಕ್ಕಿದವಳು ನಾನು. ಗುಡಿಸಿದ್ದೆ ಅನ್ನಬೇಕಿತ್ತು, ಅಷ್ಟೇ. ಊಟಕ್ಕೆ ಕೂತಾಗ ಇದನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಅವರು ಪೂರ್ತಿ ಕೇಳಿಸಿಕೊಂಡು, “ಇನ್ನೊಂದ್ ರೊಟ್ಟಿ ಹಾಕು,” ಅನ್ನುತ್ತಿದ್ದರು. ಹಾಕುತ್ತಿದ್ದೆ.