ಮೂಸೆಗೆ ಬಿದ್ದ ನಾಣ್ಯ

ರಬಕವಿಯ ಉಮಾಶ್ರೀಗೆ ಎರಡು ವರ್ಷವಿದ್ದಾಗ ಪೋಲಿಯೊ ಬಂದು ಎರಡೂ ಕಾಲು ಹೋದವು. ಬೆಳ್ಳಿಯ ಕಾಲು ಮಾಡಿಸಿ ಒಪ್ಪಿಸುತ್ತೇನೆ, ಮಗಳ ಕಾಲು ಕೊಡು ಎಂದು ತಾಯಿ ಸಾತವ್ವ ಬೀರಪ್ಪ ದೇವರಿಗೆ ಹರಕೆ ಹೊತ್ತಳು. ಬೆಳ್ಳಿ ಕೂಡಿಬರಲಿಲ್ಲ, ಕಾಲೂ ಬರಲಿಲ್ಲ. ಹರಕೆ ತೀರದ್ದಕ್ಕೇ ಮಗಳು ಹೀಗೆ ಉಳಿದಳೆಂದು ಇಪ್ಪತ್ತೈದು ವರ್ಷ ಒಳಗೊಳಗೇ ಬೆಂದಳು. ಮಗಳಿಗೆ ಅಂಥ ಪುರುಸೊತ್ತು ಎಲ್ಲಿತ್ತು? ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿ ಹೊಟ್ಟೆ ಹೊರೆದಳು. ಕುರ್ಚಿಯಲ್ಲಿ ಕೂತು ಗುಂಡು ಎಸೆಯುವುದನ್ನು ಕಲಿತು, ಊರೂರಿಗೆ ಹೋಗಿ ಗೆದ್ದು ಬಂದಳು. 2012ರಲ್ಲಿ ಅಂಗವಿಕಲ ಕ್ರೀಡಾಪಟುಗಳ ಗೌರವಕ್ಕೆಂದು ಒಂದು ಸಂಸ್ಥೆ ಹೊರತಂದ ಬೆಳ್ಳಿ ನಾಣ್ಯ ಅವಳಿಗೂ ಬಂತು.

ಮಗಳು ಮೈದಾನಕ್ಕೆ ಹೋದ ಹೊತ್ತು ನೋಡಿ ಸಾತವ್ವ ಅದನ್ನು ನನ್ನ ಅಂಗಡಿಗೆ ತಂದಳು. ನಾನು ನಾಮದೇವ, ಬೆಳ್ಳಿ ಕೆಲಸದವನು.

"ಇದನ್ನ ಕರಗಿಸಿ ಕಾಲು ಮಾಡಿಕೊಡೋ ಅಣ್ಣಾ. ದೇವರು ಈಗರ ಕಣ್ಣು ತೆರದಾನು."

ಮಗಳಿಗೆ ಗೊತ್ತೇ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಹರಕೆ ಅಂದರೆ ನನ್ನ ಬಾಯಿ ಕಟ್ಟುತ್ತದೆ. ನಾಣ್ಯವನ್ನು ಮೂಸೆಗೆ ಹಾಕಿ, ಕೆಂಡದ ಮೇಲಿಟ್ಟು ಗಾಳಿ ಊದತೊಡಗಿದೆ.

ಅಷ್ಟರಲ್ಲಿ ಹೊರಗೆ ಮೂರು ಗಾಲಿಯ ಸೈಕಲ್ ಬಂದು ನಿಂತಿತು. ಮನೆಯಲ್ಲಿ ನಾಣ್ಯದ ಡಬ್ಬಿ ಖಾಲಿ ಕಂಡು, ಓಣಿಯವರನ್ನು ಕೇಳಿಕೊಂಡು ಉಮಾಶ್ರೀ ಬಂದಿದ್ದಳು.

"ಕಾಕಾ, ತಗೀರಿ ಹೊರಗ!"

ಸಾತವ್ವ ಬಾಗಿಲಿಗೆ ಅಡ್ಡ ನಿಂತಳು. "ಬರಬ್ಯಾಡ ಉಮಾ. ನಿನ್ನ ಕಾಲಿನ ಸಲುವಾಗಿನ ಮಾಡಾಕತ್ತೇನಿ."

ನನ್ನ ಅಂಗಡಿಗೆ ಮೂರು ಮೆಟ್ಟಿಲು. ಅವನ್ನು ಕಟ್ಟಿಸಿದ ದಿನ ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ಉಮಾಶ್ರೀ ಸೈಕಲ್ಲಿನಿಂದ ಇಳಿದು, ಕೈ ಊರಿ, ಒಂದೊಂದೇ ಮೆಟ್ಟಿಲಿಗೆ ಮೈ ಎಳೆದುಕೊಂಡಳು. ಇತ್ತ ನಾಣ್ಯ ಕೆಂಪಾಗಿತ್ತು. ಇನ್ನೊಂದು ನಿಮಿಷ, ಅಷ್ಟೇ. ಇಕ್ಕಳ ನನ್ನ ಕೈಯಲ್ಲೇ ಇತ್ತು, ಧೈರ್ಯ ಮಾತ್ರ ಇರಲಿಲ್ಲ. ಈ ಮಗಳ ಮಾತು ಕೇಳಲೋ, ಆ ದೇವರಿಗೆ ಹೆದರಲೋ?

"ನನಗ ಕಾಲು ಬ್ಯಾಡ ಬೇ!" ಉಮಾಶ್ರೀ ಚೀರಿದಳು. "ಅದು ಬೇಕು!"

ಸಾತವ್ವ ತಣ್ಣಗಾದಳು. ಇಷ್ಟು ವರ್ಷದಲ್ಲಿ ನಿನಗೇನು ಬೇಕೆಂದು ಅವಳು ಮಗಳನ್ನು ಒಮ್ಮೆಯೂ ಕೇಳಿರಲಿಲ್ಲ. ನನ್ನ ಕಡೆ ತಿರುಗಿ, ತೆಗಿ ಎಂದು ಕೈಸನ್ನೆ ಮಾಡಿದಳು. ನಾನು ನಾಣ್ಯವನ್ನು ಎತ್ತಿ ನೀರಿಗೆ ಹಾಕಿದೆ.

ಅದರ ಒಂದು ಅಂಚು ಕರಗಿ ಇಳಿದುಹೋಗಿತ್ತು. ಕಪ್ಪಾದ ಅದನ್ನು ಸಾತವ್ವ ಸೆರಗಿನಿಂದ ಒರೆಸಿ, ಕಣ್ಣ ಹತ್ತಿರ ಹಿಡಿದು ನೋಡಿದಳು. ಅದರ ಮೇಲೆ ಅಚ್ಚಾದ ಹೆಣ್ಣೊಬ್ಬಳು ಗಾಲಿಕುರ್ಚಿಯಲ್ಲಿ ಕೂತು ತೋಳೆತ್ತಿದ್ದಳು. ಸಾತವ್ವನಿಗೆ ಅಳು ತಡೆಯಲಾಗಲಿಲ್ಲ.

"ಬೀರಪ್ಪಗ ನಾ ಏನಂತ ಹೇಳಲಿ?"

ಮೇಲಿನ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ಕೂತಿದ್ದ ಉಮಾಶ್ರೀ ನಾಣ್ಯಕ್ಕೆ ಕೈ ಚಾಚಿದಳು.

"ನೀ ಏನೂ ಹೇಳಬ್ಯಾಡ. ನಾನ ಹೋಗಿ ಹೇಳತೀನಿ, ಬ್ಯಾಡಂತ."